ಪೋರ್ಟೊರಿಕೊದಲ್ಲಿ ಅಮ್ಮನ ಮಾಘಸ್ನಾನ

ಬೇರೆಯವರು ರಜೆಗೆ ಹೋಗಿ ಬಂದರೆ ಫೋಟೊ ತೋರಿಸುತ್ತಾರೆ. ನಾವು ಹೋಗಿ ಬಂದರೆ ಕತೆ ಹೇಳಬೇಕಾಗುತ್ತದೆ. ಎಲ್ಲಿಗೆ ಹೋದರೂ ನಮ್ಮ ಮನೆಯವರಿಗೆ ಏನಾದರೊಂದು ಆಗದೆ ಇರುವುದಿಲ್ಲ, ಆಗುವಾಗ ಕ್ಯಾಮೆರಾ ಹಿಡಿಯಲು ನನಗೆ ಕೈ ಬಿಡುವಿರುವುದಿಲ್ಲ. ಎಪ್ಪತ್ತರ ದಶಕದಲ್ಲಿ ಒಂದು ಫೆಬ್ರವರಿ ವಾರ ನಾವು ಮೂವರು ಕೆರಿಬಿಯನ್ ಸಮುದ್ರ ನೋಡಿ ಬಂದ ಕತೆ ಈಗಲೂ ನಮ್ಮ ಮನೆಗೆ ಊಟಕ್ಕೆ ಬಂದವರಿಗೆ ತಪ್ಪಿದ್ದಲ್ಲ.

೧. ಬಾಗಿದ ಮರ

ಆಗ ನಾವು ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿ ಸೇತುವೆಯ ಪಕ್ಕದ ಎತ್ತರದ ಕಟ್ಟಡವೊಂದರ ಹದಿನಾಲ್ಕನೇ ಅಂತಸ್ತಿನಲ್ಲಿದ್ದೆವು. ನಾನು ಮೈಸೂರಿನವನು, ದಿನಾ ಮ್ಯಾನ್‌ಹಟನ್‌ಗೆ ಸೇತುವೆ ದಾಟಿ ಕೆಲಸಕ್ಕೆ ಹೋಗಿಬರುವ ಇಂಜಿನಿಯರು. ಹೆಂಡತಿ ಧಾರವಾಡದವಳು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಅಪ್ಪ ತೀರಿಕೊಂಡು ವರ್ಷ ಕಳೆದ ಮೇಲೆ ಅಮ್ಮನನ್ನು ಆರು ತಿಂಗಳ ಮಟ್ಟಿಗೆ ಕರೆಸಿಕೊಂಡಿದ್ದೆ. ಪಾಪ, ಅವಳು ಬಂದದ್ದು ಚಳಿಗಾಲದಲ್ಲಿ. ಕಿಟಕಿಯಿಂದ ಹಿಮ ನೋಡುವುದೊಂದೇ ಕೆಲಸ.

ಒಂದು ಸಂಜೆ ಟ್ರಾವೆಲ್ ಏಜೆನ್ಸಿಯಿಂದ ಒಂದು ವಾರದ ಟೂರಿನ ಬಣ್ಣದ ಪುಸ್ತಿಕೆ ತಂದೆ. ಮುಖಪುಟದಲ್ಲಿ ನೀಲಿ ಸಮುದ್ರ, ಬಿಳಿ ಮರಳು, ಸಮುದ್ರದ ಕಡೆಗೆ ಬಾಗಿದ ಒಂದು ತೆಂಗಿನ ಮರ. ನರಪಿಳ್ಳೆ ಇಲ್ಲ. "ಪೋರ್ಟೊರಿಕೊ. ಅಮೇರಿಕದ್ದೇ ನೆಲ, ವೀಸಾ ಗೊಡವೆ ಇಲ್ಲ" ಅಂದೆ.

ಅಮ್ಮ ಕನ್ನಡಕ ಹಾಕಿಕೊಂಡು ನೋಡಿದಳು. "ತೆಂಗಿನ ಮರ ನೋಡೋಕೆ ವಿಮಾನ ಹತ್ತಬೇಕೇನೋ?" ಅಂದಳು. ಆಮೇಲೆ ಪುಸ್ತಿಕೆ ಮಡಚುತ್ತಾ, "ಸಮುದ್ರ ಇದೆ ಅಂದ್ಯಲ್ಲ, ಹುಣ್ಣಿಮೆ ಸಿಗುತ್ತಾ?" ಅಂತ ಕೇಳಿದಳು.

ನನಗೆ ಅರ್ಥವಾಯಿತು. ನಲವತ್ತು ವರ್ಷ ಅಪ್ಪ ಅಮ್ಮ ಇಬ್ಬರೂ ಮಾಘದ ಹುಣ್ಣಿಮೆಗೆ ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿಯಲ್ಲಿ ಮುಳುಗು ಹಾಕಿ ಬರುತ್ತಿದ್ದರು. ಹೋದ ವರ್ಷ ಅಪ್ಪ ಇಲ್ಲದೆ ಅದು ತಪ್ಪಿತ್ತು. ಈ ವರ್ಷವೂ ತಪ್ಪಿದರೆ ತಪ್ಪಿಸಿದವನು ನಾನೇ ಆಗುತ್ತಿದ್ದೆ.

ಅಮ್ಮ ಟ್ರಂಕಿನಿಂದ ಪಂಚಾಂಗ ತೆಗೆದಳು. ನಾನು ಇಂಡಿಯಾ ಟೈಮನ್ನು ದ್ವೀಪದ ಟೈಮಿಗೆ ಇಳಿಸಿ ಲೆಕ್ಕ ಹಾಕಿದೆ. ಹುಣ್ಣಿಮೆ ಬೀಳುತ್ತಿದ್ದದ್ದು ಟೂರಿನವರು ವಾಪಸು ಹೊರಡುವ ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೆ ತಿಥಿ ಮುಗಿಯುತ್ತದೆ, ಒಂಬತ್ತೂವರೆಗೆ ಏರ್‌ಪೋರ್ಟ್ ಬಸ್ಸು.

"ಒಂಬತ್ತಕ್ಕೆ ಮುಂಚೆ ಮುಳುಗಿದರೆ ಆಯ್ತು" ಅಂದಳು ಅಮ್ಮ. "ಅಲ್ಲೀವರೆಗೆ ನಾನು ಆ ನೀರು ಮುಟ್ಟಲ್ಲ. ಕಂಡಕಂಡ ದಿನ ಸಮುದ್ರ ಮುಟ್ಟಬಾರದು, ಪರ್ವಕಾಲ ಬೇಕು."

ಅಂತೂ ಹೋದೆವು. ಪುಸ್ತಿಕೆಯ ಮರ ನಿಜವಾಗಿಯೂ ಅಲ್ಲಿತ್ತು. ಆದರೆ ಬೀಳದಿರಲಿ ಅಂತ ಅದಕ್ಕೆ ಕೆಳಗಿನಿಂದ ಕಬ್ಬಿಣದ ಪೈಪು ಕೊಟ್ಟಿದ್ದರು, ಫೋಟೊ ತೆಗೆಸಿಕೊಳ್ಳಲು ಮೂವತ್ತು ಜನ ಕ್ಯೂ ನಿಂತಿದ್ದರು. ನಾನು ಪೆಚ್ಚಾಗಿ ನಿಂತೆ. ಅಮ್ಮ ಹತ್ತಿರ ಹೋಗಿ ಮರವನ್ನು ಸವರಿ, "ಪಾಪ, ಈ ವಯಸ್ಸಲ್ಲಿ ಇದಕ್ಕೂ ಊರುಗೋಲು ಕೊಟ್ಟು ಕೆಲಸ ಮಾಡಿಸ್ತಿದಾರಲ್ಲೋ" ಅಂದಳು.

೨. ಟವೆಲ್

ಬೀಚಿಗೆ ಏನು ಹಾಕಿಕೊಂಡು ಹೋಗಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ರಜೆ ಅಂದಮೇಲೆ ನೀಟಾಗಿರಬೇಕು ಅಂತ ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಪ್ಪು ಪ್ಯಾಂಟು ಹಾಕಿಕೊಂಡು ಮರಳಿಗೆ ಇಳಿದೆ. ಹೋಟೆಲಿನ ಕೆಲಸಗಾರರ ಯೂನಿಫಾರ್ಮ್ ಕೂಡ ಅದೇ ಅನ್ನುವುದು ಆಮೇಲೆ ಗೊತ್ತಾಯಿತು.

ಒಬ್ಬ ಅಮೇರಿಕದ ಅಜ್ಜಿ ಕೈ ಎತ್ತಿ, "ಎರಡು ಟವೆಲ್" ಅಂದಳು. ವಯಸ್ಸಾದವರು, ಇಲ್ಲ ಅನ್ನುವುದು ಹೇಗೆ? ಹುಡುಕಿ ತಂದುಕೊಟ್ಟೆ. ಅದನ್ನು ನೋಡಿ ಪಕ್ಕದವರು ಕೇಳಿದರು. ಅವರ ಪಕ್ಕದವರು ಕುರ್ಚಿ ನೆರಳಿಗೆ ಎಳೆದುಕೊಡು ಅಂದರು. ನಿಜವಾದ ಕೆಲಸಗಾರನೊಬ್ಬ ಸ್ಪ್ಯಾನಿಷ್‌ನಲ್ಲಿ ನನಗೆ ಏನೋ ಗದರಿಸಿದ. ಬಹುಶಃ ಇಷ್ಟು ಚುರುಕಾಗಿ ಕೆಲಸ ಮಾಡಿ ತನ್ನ ಹೊಟ್ಟೆ ಮೇಲೆ ಹೊಡೆಯಬೇಡ ಅಂದಿರಬೇಕು.

ಬೆವರು ಒರೆಸಿಕೊಳ್ಳುತ್ತಾ ಹೆಂಡತಿಯ ಹತ್ತಿರ ಬಂದು ನಡೆದದ್ದನ್ನೆಲ್ಲ ಹೇಳಿದೆ. ನನ್ನ ಪರವಾಗಿ ಅವಳಾದರೂ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಅವಳು ಪುಸ್ತಕದಿಂದ ತಲೆ ಎತ್ತದೆ, "ಮನ್ಯಾಗ ಒಂದು ಲೋಟ ಎತ್ತಿ ಇಡಂಗಿಲ್ಲ ನೀವು. ಇಲ್ಲೆ ಭಾಳ ಛಲೋ ರೂಢಿ ಆಗೇದ ಬಿಡ್ರಿ. ನಮಗೂ ಎರಡು ತರ್ರಿ" ಅಂದಳು.

೩. ಬಿಸಿಲು

ಆ ಟವೆಲ್ ಅಜ್ಜಿಯನ್ನು ಮಾತಾಡಿಸಿದರೆ, ಅವಳೂ ಅವಳ ಗಂಡನೂ ಪಾರ್ಸಿಪನಿಯವರು! ನಮ್ಮ ಮನೆಯಿಂದ ಮುಕ್ಕಾಲು ಗಂಟೆ ಡ್ರೈವ್. ಪುಸ್ತಿಕೆ ನೋಡಿ ನರಪಿಳ್ಳೆ ಇಲ್ಲದ ಜಾಗ ಅಂತ ಬಂದವರು, ಸುತ್ತ ನ್ಯೂಜೆರ್ಸಿಯವರನ್ನೇ ಕಂಡು ನನ್ನಷ್ಟೇ ಪೆಚ್ಚಾಗಿದ್ದರು. ಕೊನೆಗೆ ಬಿಸಿಲಾದರೂ ಸಿಕ್ಕಿತಲ್ಲ ಅಂತ ಆಕೆ ಮೈಗೆಲ್ಲ ಎಣ್ಣೆ ಬಳಿದುಕೊಂಡು ಅಂಗಾತ ಮಲಗಿದಳು, ನಿದ್ದೆಯೂ ಹೋದಳು.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಅಮ್ಮ ಕುರ್ಚಿಯಲ್ಲಿಲ್ಲ. ತನ್ನ ಕಪ್ಪು ಕೊಡೆ ಬಿಚ್ಚಿಕೊಂಡು ಆಕೆಯ ತಲೆಯ ಹತ್ತಿರ ನಿಂತಿದ್ದಾಳೆ. ಸೂರ್ಯ ಸರಿದ ಹಾಗೆ ತಾನೂ ಸರಿಯುತ್ತಿದ್ದಾಳೆ. ಎಷ್ಟು ಹೊತ್ತಿನಿಂದಲೋ ಏನೋ!

"ಏನಮ್ಮ ಇದು?"

"ಮೆಲ್ಲಗೆ ಮಾತಾಡೋ. ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋಗೋಷ್ಟರಲ್ಲಿ ನಿದ್ದೆ ಬಂದುಬಿಟ್ಟಿದೆ ಪಾಪ. ಈ ಬಿಸಿಲಿಗೆ ಕಪ್ಪಗಾಗಿಬಿಡ್ತಾಳೆ."

ಅಷ್ಟರಲ್ಲಿ ಆಕೆಗೆ ಎಚ್ಚರವಾಗಿ, ಮೋಡ ಬಂತೇ ಅಂತ ಗಾಬರಿಯಿಂದ ಎದ್ದಳು. ನಾನು ವಿವರಿಸಿದೆ. ಆಕೆ ನಗುತ್ತಾ, "ನಾನು ಬಂದಿರೋದೇ ಕಪ್ಪಗಾಗೋಕೆ ಅಂತ ನಿಮ್ಮ ತಾಯಿಗೆ ಹೇಳಿ" ಅಂದಳು. ಹೇಳಿದೆ. ಅಮ್ಮ ನಂಬಲಿಲ್ಲ. ಸುತ್ತ ನೋಡಿದಳು. ಉದ್ದಕ್ಕೂ ಸಾಲಾಗಿ ಎಣ್ಣೆ ಹಚ್ಚಿಕೊಂಡು ಮಲಗಿದವರೇ. ಆಮೇಲೆ ಮೆಲ್ಲಗೆ ಕೊಡೆ ಮಡಚಿದಳು.

ಆದರೆ ಹಪ್ಪಳ ಸಂಡಿಗೆ ಒಣಗಿಸಿದ ಕೈ ಸುಮ್ಮನಿರುತ್ತದೆಯೇ? ಅರ್ಧ ಗಂಟೆ ಬಿಟ್ಟು ನನ್ನನ್ನು ಕರೆದಳು. "ಈ ಮಗ್ಗುಲು ಆಯ್ತು ಕಣೋ. ಮಗುಚಿಕೊಳ್ಳೋಕೆ ಹೇಳು."

೪. ನಿಟ್ಟುಸಿರು

ಊಟದ್ದೇ ಚಿಂತೆಯಾಗಿತ್ತು. ಹೋಟೆಲಿನ ಕಾಳುಪಲ್ಯದಲ್ಲೂ ಮಾಂಸ ಹಾಕುತ್ತಿದ್ದರು. ಎರಡನೇ ದಿನ ಅಮ್ಮ ನೇರವಾಗಿ ಅಡುಗೆಮನೆಗೆ ಹೋದಳು. ಅಲ್ಲಿದ್ದವಳು ಅಮ್ಮನ ವಯಸ್ಸಿನ ಅಡುಗೆಯವಳು. ಅವಳಿಗೆ ಸ್ಪ್ಯಾನಿಷ್ ಬಿಟ್ಟರೆ ಬೇರೆ ಬಾರದು, ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಮಧ್ಯದಲ್ಲಿ ಒಂದು ಗೊನೆ ಬಾಳೆಕಾಯಿ ಇತ್ತು.

ಒಂದು ಗಂಟೆಯ ಮೇಲೆ ನಾವಿಬ್ಬರೂ ಹುಡುಕಿಕೊಂಡು ಹೋದರೆ, ಅಡುಗೆಯವಳು ಬಾಳೆಕಾಯಿ ಕರಿಯುತ್ತಿದ್ದಾಳೆ, ಅಮ್ಮ ಸ್ಟೂಲಿನ ಮೇಲೆ ಕೂತು ಉಪ್ಪು ಖಾರ ಉದುರಿಸುತ್ತಿದ್ದಾಳೆ. ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದಾರೆ, ಇಬ್ಬರೂ ಒಟ್ಟಿಗೆ ತಲೆಯಾಡಿಸುತ್ತಿದ್ದಾರೆ.

"ಒಳ್ಳೇ ಹೆಂಗಸು ಕಣೋ. ಮನೇಲಿ ಮೂರು ಜನ ಸೊಸೆಯಂದಿರಂತೆ" ಅಂದಳು ಅಮ್ಮ.

"ಅತ್ತ್ಯಾರ, ಅಕಿ ಮಾತು ನಿಮಗ ಹ್ಯಾಂಗ ತಿಳೀತ್ರಿ?" ಅಂತ ನನ್ನ ಹೆಂಡತಿ ಕೇಳಿದಳು.

"ಮಾತು ಯಾಕೆ ತಿಳೀಬೇಕಮ್ಮ? ಬೆರಳು ಮಡಚಿ ಮಡಚಿ ಮೂರು ಸಲ ನಿಟ್ಟುಸಿರು ಬಿಟ್ಟಳು. ನಾನೂ ಒಂದು ಸಲ ಬಿಟ್ಟೆ."

೫. ಹುಣ್ಣಿಮೆ

ವಾರವೆಲ್ಲ ಅಮ್ಮ ಸಮುದ್ರದ ಪಕ್ಕದಲ್ಲೇ ಇದ್ದು ಒಂದು ಹನಿ ನೀರು ಮುಟ್ಟಲಿಲ್ಲ. ಅಲೆ ಬಂದರೆ ಸೀರೆ ಎತ್ತಿಕೊಂಡು ಹಿಂದೆ, ಅಲೆ ಹೋದರೆ ಮುಂದೆ. ಹೆದರಿಕೊಂಡಿದ್ದಾಳೆ ಅಂತ ತಿಳಿದು ಬೀಚಿನ ಕಾವಲುಗಾರ ಈಜು ಕಲಿಸಲೂ ಮುಂದೆ ಬಂದಿದ್ದ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಮ್ಮ ತಾಮ್ರದ ಚೊಂಬು ಹಿಡಿದು ಹೊರಟಳು. ಹೋಗಿ ನೋಡಿದರೆ ಕೆಂಪು ಬಾವುಟ ಹಾರುತ್ತಿದೆ. ಅಲೆಯ ಅಬ್ಬರ ಹೆಚ್ಚು, ಯಾರೂ ನೀರಿಗೆ ಇಳಿಯುವಂತಿಲ್ಲ. ಕಾವಲುಗಾರ ಅಡ್ಡ ನಿಂತ. ಕೊನೆಯ ದಿನದ ಈಜಿಗೆ ಬಂದಿದ್ದ ನಮ್ಮ ಟೂರಿನ ಬಸ್ಸಿನವರೆಲ್ಲ ಮರಳ ಮೇಲೆ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದರು.

ಮೂರೇ ಮುಳುಗು ಅಂತ ನಾನು ಕೈಮುಗಿದು ಕೇಳಿದೆ. ಆಗಲ್ಲ ಅಂದ. ಎಂಟೂವರೆ ಆಯಿತು. ಅಮ್ಮ ಜಗಳವಾಡಲಿಲ್ಲ, ಅಳಲಿಲ್ಲ. ಮರಳ ಮೇಲೆ ಕೂತು ಸಮುದ್ರವನ್ನೇ ನೋಡುತ್ತಾ, "ಹೋಗಲಿ ಬಿಡೋ. ನಿನ್ನ ತಪ್ಪೇನಿದೆ" ಅಂದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ನನ್ನ ಹೆಂಡತಿ ಅಲ್ಲಿಂದ ಓಡಿದವಳು ಅಡುಗೆಯವಳನ್ನು ಕೈಹಿಡಿದು ಕರೆತಂದಳು. ಆಕೆ ಮರಳ ಮೇಲೆ ಕೂತ ಅಮ್ಮನನ್ನು ನೋಡಿದಳು, ಚೊಂಬು ನೋಡಿದಳು, ಕಾವಲುಗಾರನ ಕಡೆ ತಿರುಗಿ ಸ್ಪ್ಯಾನಿಷ್‌ನಲ್ಲಿ ಶುರುಮಾಡಿದಳು. ಅದೇನು ಹೇಳಿದಳೋ ಗೊತ್ತಿಲ್ಲ. ಆರಡಿ ಎತ್ತರದ ಆಳು ತಲೆ ತಗ್ಗಿಸಿ, "ಮೊಣಕಾಲಿನವರೆಗೆ. ಮೂರೇ ಮುಳುಗು. ನಾನು ಕೈ ಹಿಡ್ಕೋತೀನಿ" ಅಂದ.

ಒಂದು ಕೈ ಅವನು, ಒಂದು ಕೈ ನನ್ನ ಹೆಂಡತಿ. ದಡದಲ್ಲಿ ನಿಂತು ಸಂಕಲ್ಪ ಹೇಳುವ ಕೆಲಸ ನನ್ನದು. ಯಾವ ದ್ವೀಪದಲ್ಲಿ ಸ್ನಾನ ಅಂತ ಹೇಳುವ ಜಾಗಕ್ಕೆ ಬಂದು ನಿಂತುಬಿಟ್ಟೆ. ಜಂಬೂದ್ವೀಪ ಅನ್ನುವ ಹಾಗಿಲ್ಲವಲ್ಲ!

"ಪೋರ್ಟೊರಿಕೊ ದ್ವೀಪೇ ಅನ್ನೋ!" ಅಂತ ಅಮ್ಮ ನೀರಿನಿಂದ ಕೂಗಿದಳು. "ದೇವರಿಗೆ ವಿಳಾಸ ಗೊತ್ತಾದ್ರೆ ಸಾಕು, ಒಂಬತ್ತು ಆಗ್ತಾ ಬಂತು!"

ಅಂದೆ. ಅಮ್ಮ ಮುಳುಗಿದಳು. ಒಂದು, ಎರಡು, ಮೂರು. ಕಾವಲುಗಾರ ಎತ್ತುವುದರೊಳಗೆ ಇನ್ನೊಂದು. ಮೇಲೆ ಬಂದಾಗ, "ಮೂರೇ ಅಂದಿದ್ನಲ್ಲಮ್ಮ ಅವನು" ಅಂದೆ.

"ನಾಲ್ಕನೇದು ನಿಮ್ಮಪ್ಪಂದು" ಅಂದಳು. ನಾನು ಟವೆಲ್ ಹೊದಿಸಿದೆ.

ಇಷ್ಟರಲ್ಲಿ ಹಿಂದೆ ಗದ್ದಲ ಕೇಳಿ ತಿರುಗಿದರೆ, ನಮ್ಮ ಬಸ್ಸಿನವರೆಲ್ಲ ಸಾಲಾಗಿ ನಿಂತಿದ್ದಾರೆ. ಕಾವಲುಗಾರನೇ ಕೈಹಿಡಿದು ಇಳಿಸಿದ್ದು ನೋಡಿ, ಇದು ಹೋಟೆಲಿನವರು ಇಟ್ಟ ಬೀಳ್ಕೊಡುಗೆ ಕಾರ್ಯಕ್ರಮ ಅಂದುಕೊಂಡಿದ್ದರು. ಅವನು ಬೇಡವೆಂದು ಕೈಯಾಡಿಸಿ ಸಾಕಾಗಿ, ಕೊನೆಗೆ ಒಬ್ಬೊಬ್ಬರನ್ನೇ ಮೊಣಕಾಲಿನವರೆಗೆ ಇಳಿಸತೊಡಗಿದ. ಎಲ್ಲರೂ ಅಮ್ಮನ ಹಾಗೇ ಮೂಗು ಹಿಡಿದು ಮುಳುಗಿ ಎದ್ದರು. ಅಮ್ಮ ದಡದಲ್ಲಿ ನಿಂತು ಬೆರಳೆತ್ತಿ ಎಣಿಸುತ್ತಿದ್ದಳು. ಎರಡಕ್ಕೇ ಎದ್ದುಬಂದವರನ್ನು ವಾಪಸು ಕಳಿಸುತ್ತಿದ್ದಳು.

ಪಾರ್ಸಿಪನಿಯ ಅಜ್ಜ ಮೂರು ಮುಗಿಸಿ ನೀರು ಸುರಿಸುತ್ತಾ ನನ್ನ ಹತ್ತಿರ ಬಂದು, "ಚೆನ್ನಾಗಿತ್ತು. ಇದು ಯಾತಕ್ಕೆ ಮಾಡೋದು?" ಅಂತ ಕೇಳಿದ.

"ಮಾಡಿದ ಪಾಪ ತೊಳೆದುಹೋಗುತ್ತೆ ಅಂತ ನಮ್ಮಲ್ಲಿ ನಂಬಿಕೆ" ಅಂದೆ.

"ಎಲ್ಲಾ ಪಾಪಾನೂ? ಮೂರೇ ಮುಳುಗಿಗೆ?"

"ಹೌದು."

ಅಜ್ಜ ಸಮುದ್ರ ನೋಡಿದ, ಸ್ವಲ್ಪ ಯೋಚಿಸಿದ. ತಿರುಗಿ ಮತ್ತೆ ನೀರಿನ ಕಡೆ ನಡೆದ. ಅತ್ತ ಬಸ್ಸಿನವನು ಹಾರನ್ ಹೊಡೆಯುತ್ತಿದ್ದ. ಅಜ್ಜ ಕಾವಲುಗಾರನ ಕೈಹಿಡಿದು ನಾಲ್ಕನೆಯದು ಮುಳುಗಿದ, ಐದನೆಯದು ಮುಳುಗಿದ. ಅಲ್ಲಿಂದಲೇ ತಲೆ ಎತ್ತಿ, ಸಾಕಾ ಅನ್ನುವಂತೆ ತನ್ನ ಹೆಂಡತಿಯ ಕಡೆ ನೋಡಿದ.

ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತು ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದ ಅಜ್ಜಿ ಬಸ್ಸಿನ ಕಡೆ ತಿರುಗಿಯೂ ನೋಡಲಿಲ್ಲ. "ನೀನು ಮುಳುಗ್ತಾ ಇರು," ಅಂದಳು, "ಯಾವಾಗ ನಿಲ್ಲಿಸಬೇಕು ಅಂತ ನಾನು ಹೇಳ್ತೀನಿ."