ಹಿಂದೆ ಬರುವವಳಿಗೆ ಹೇಳಿದ ಮಾತು

ಓಣಿಯ ತುದಿಯಲ್ಲಿ ಪಿಂಜಾರನ ಬಿಲ್ಲು ‘ಡುಂಯ್ ಡುಂಯ್’ ಎಂದು ಹತ್ತಿ ಹಿಂಜುತ್ತಿತ್ತು. ತ್ರ್ಯಂಬಕನ ಮನೆಯಲ್ಲಿ ಅಷ್ಟು ಮಾತೂ ಇರಲಿಲ್ಲ. ಕೂಸು ತೀರಿಕೊಂಡು ಎರಡು ತಿಂಗಳಾಗಿತ್ತು. ಅಂದಿನಿಂದ ಹೆಂಡತಿ ಲೀಲಾಬಾಯಿ ‘ಹೂಂ’, ‘ಉಹೂಂ’ ಎಂಬ ಎರಡೇ ಶಬ್ದಗಳಲ್ಲಿ ಸಂಸಾರ ನಡೆಸಿದ್ದಳು. ನಾಳೆ ಅವಳ ಅಣ್ಣ ಸವದತ್ತಿಯಿಂದ ಬಂದು ತವರಿಗೆ ಕರೆದೊಯ್ಯುವವನಿದ್ದ. ಅವಳು ಮರಳುವ ದಿನವನ್ನು ಯಾರೂ ಗೊತ್ತುಮಾಡಿರಲಿಲ್ಲ.

ತ್ರ್ಯಂಬಕ ಹತ್ತಿ ಗಿರಣಿಯ ಕಾರಕೂನ. ಕೂಸನ್ನು ಮಣ್ಣು ಮಾಡಿ ಬಂದವನೇ ಅಂದು ಕೋಟು ತೊಟ್ಟು, ‘ಗಿರಣಿಗೆ ಹೋಗಿ ಬರ್ತೇನಿ’ ಎಂದು ಹೊರಟಿದ್ದ. ಆ ಮಾತು ಸುಳ್ಳೆಂದು ಹೆಂಡತಿಗೆ ಹೇಳಬೇಕಿತ್ತು. ಆದರೆ ಎಲ್ಲಿ? ಹಗಲಲ್ಲಿ ಗಂಡ ಹೆಂಡಿರು ಮಾತಾಡುವುದು ಆ ಮನೆಯ ಪದ್ಧತಿಯಲ್ಲ. ಇರುಳು ಪಿಸುಗುಟ್ಟಿದರೆ, ಗೋಡೆಯಾಚೆಯಿಂದ ತಾಯಿ ತಾರಾಬಾಯಿ ‘ಏನಂದಿ?’ ಎನ್ನುವಳು.

ಕಡೆಗೆ ಅವನಿಗೊಂದು ಮಹಾಯೋಜನೆ ಹೊಳೆಯಿತು. (ಪಂಚವಾರ್ಷಿಕ ಯೋಜನೆಯ ಕಾಲ, ಎಲ್ಲರಿಗೂ ಏನಾದರೊಂದು ಹೊಳೆಯುತ್ತಿತ್ತು.) ಸಂಪಗಾಂವದ ದಾರಿಯ ಮಾರುತಿ ಗುಡಿಗೆ ಇಬ್ಬರೇ ನಡೆದುಹೋಗುವುದು! ಟಾಂಗಾ ಬೇಡ, ಫಳಾರ ಬೇಡ. ಕಿಸೆಯಲ್ಲಿ ಹುರಿದ ಶೇಂಗಾ ಇದ್ದರಾಯಿತು.

“ಅಲ್ಲೀತನಾ ಯಾಕೋ?” ಎಂದಳು ತಾರಾಬಾಯಿ.

“ಆ ಮಾರುತಿ ಭಾಳ ಜಾಗೃತ ಅಂತವ್ವಾ.”

“ನಮ್ಮ ಓಣಿ ಮಾರುತಿ ಏನು ಮಲಗ್ಯಾನೇನು? ತಡಿ, ನಾನೂ ಬರ್ತೇನಿ.”

ಪುಣ್ಯಕ್ಕೆ ಆಕೆಯ ಮೊಣಕಾಲು ಏಳಗೊಡಲಿಲ್ಲ.

ರಸ್ತೆಯಲ್ಲಿ ಗಂಡ ಮುಂದೆ, ಹೆಂಡತಿ ಹಿಂದೆ. ಹೊರಳಿ ಹೆಂಡತಿಯ ಮುಖ ನೋಡುವ ಗಂಡಸಿಗೆ ಆ ಊರಲ್ಲಿ ಮಾನವಿರಲಿಲ್ಲ. ಹಳ್ಳ ದಾಟಿ, ಜೋಳದ ಹೊಲಗಳು ಬರುವತನಕ ತ್ರ್ಯಂಬಕ ಹೆಜ್ಜೆ ಎಣಿಸುತ್ತ ನಡೆದ. ಹಿಂದೆ ಬಳೆಗಳ ಸದ್ದಿತ್ತು. ಆ ಧೈರ್ಯದ ಮೇಲೆ, ಮುಂದಿನ ಜಾಲಿಗಿಡವನ್ನೇ ನೋಡುತ್ತ ಶುರುಮಾಡಿದ.

“ಅವತ್ತ ನಾ ಗಿರಣಿಗೆ ಹೋಗಿದ್ದಿಲ್ಲ. ಹಾಳಬಾವಿ ಕಟ್ಟಿಗೆ ಕೂತು ಕತ್ತಲಾಗೂತನಾ ಅತ್ತೆ. ನಿನ್ನ ಮುಂದ ಅಳ್ಳಿಕ್ಕೆ ನಾಚಿಕಿ ಬಂತು.”

ಹಿಂದೆ ಯಾರೋ ಮೂಗೆಳೆದ ಸದ್ದು. ಅವನ ಕಣ್ಣೂ ತುಂಬಿತು. ತಿರುಗದೆಯೇ ಒಂದು ಮುಷ್ಟಿ ಶೇಂಗಾವನ್ನು ಹಿಂದಕ್ಕೆ ಚಾಚಿದ. ಇಸಿದುಕೊಂಡ ಅಂಗೈ ಗರಗಸದಂತಿತ್ತು. ಮನೆಗೆಲಸದಲ್ಲಿ ಇವಳ ಕೈ ಇಷ್ಟು ಒರಟಾಯಿತೇ ಎಂದು ಅವನು ಮರುಗಿದ.

“ಲಗೂನ ತಿರುಗಿ ಬರ್ತೀ ಹೌದಿಲ್ಲೋ?”

“ನಾ ಎಲ್ಲಿಗಿ ಬರ್ಲ್ಯೋ ನನ್ನಪ್ಪಾ? ನಾ ಸಂಪಗಾಂವಕ್ಕ ಹೊಂಟೇನಿ!”

ತ್ರ್ಯಂಬಕ ಮಾನ ಮರೆತು ಹೊರಳಿದ. ಓಣಿಗೆ ಕಾಯಿಪಲ್ಲೆ ಮಾರಲು ಬರುವ ಮುದುಕಿ ರಾಯವ್ವ! ತಲೆಯ ಮೇಲೆ ಸಂತೆಯ ಗಂಟು, ಕಣ್ಣ ತುಂಬ ನೀರು, ಬಾಯಿ ತುಂಬ ಶೇಂಗಾ.

“ನಿಮ್ಮ ಬಾಯಾರು ಹಳ್ಳದ ಕಡೇಕ ಕುಂತಾರ್ರಿ. ಚಪ್ಪಲಿ ಹರದೈತಿ.”

“ಮೊದಲ ಹೇಳಬಾರದೇನು?”

“ನೀವು ಅಳಾಕ ಹತ್ತಿದ್ರಿ. ನಡುವ ಹೆಂಗ ಬಾಯಿ ಹಾಕ್ಲಿ?” ಸೆರಗಿನಿಂದ ಮೂಗೊರೆಸಿಕೊಂಡಳು. “ಚಲೋ ಹೇಳಿದ್ರಿ. ಅವರಿಗೂ ಒಂದ ಸಲ ಹೇಳ್ರಿ.”

ಅವನು ಹಿಂದಕ್ಕೆ ಓಡಿಬಂದಾಗ ಲೀಲಾಬಾಯಿ ಹಳ್ಳದ ಕಲ್ಲಿನ ಮೇಲೆ ಕುಳಿತಿದ್ದಳು. ಗಂಡನನ್ನು ಹೆಸರು ಹಿಡಿದು ಕರೆಯುವ ಹಾಗಿರಲಿಲ್ಲವಲ್ಲ! “‘ಏನ್ರೀ’ ಅಂತ ಒದರಿದೆ. ಹಾದ್ಯಾಗ ಹೊಂಟ ಗಂಡಸರೆಲ್ಲಾ ಹೊರಳಿ ನೋಡಿದ್ರು. ನೀವೊಬ್ರನ್ನ ಬಿಟ್ಟು.”

ಎರಡು ತಿಂಗಳಲ್ಲಿ ಅವಳಾಡಿದ ಅತಿ ಉದ್ದನೆಯ ಮಾತು ಅದು. ಹೊತ್ತು ಇಳಿದಿತ್ತು, ಮಾರುತಿ ಗುಡಿ ಅಲ್ಲಿಯೇ ಉಳಿಯಿತು. ಊರ ಕಡೆ ಹೊರಳಿದಾಗ, ಅವನು ಮುಂದಾಗಲೆಂದು ಅವಳು ಕಾದು ನಿಂತಳು. ಅವನು ಹೋಗಲಿಲ್ಲ. ಅವಳ ಮುಖವನ್ನೇ ನೋಡುತ್ತ, “ಅವತ್ತ ನಾ ಗಿರಣಿಗೆ...” ಎಂದ.

“ಗೊತ್ತದ.”

“ಯಾರು ಹೇಳಿದ್ರು?”

“ಅವತ್ತ ರವಿವಾರ. ಗಿರಣಿ ಬಂದ್ ಇತ್ತು. ಕೂಸಿಲ್ಲದ ತೊಟ್ಟಿಲ ಮುಂದ ನಾ ಒಬ್ಬಾಕಿನ ಕೂತಿದ್ದೆ. ನೀವು ಸುಳ್ಳು ಹೇಳಿದ್ದಕ್ಕ ಅಲ್ಲ, ಒಬ್ರ ಅಳ್ಳಿಕ್ಕೆ ಹೋದ್ರಲ್ಲ, ಅದಕ್ಕ ನಾ ಮಾತು ಬಿಟ್ಟೆ.”

ತ್ರ್ಯಂಬಕನ ಮಹಾಯೋಜನೆ ಅಲ್ಲಿಗೆ ಮುಗಿಯಿತು. ರಾಯವ್ವನ ಮುಂದೆ ನೀರಿನಂತೆ ಹರಿದ ಮಾತು ಈಗ ಹನಿಹನಿಯಾಗಿ ತೊಟ್ಟಿಕ್ಕಿತು. ಕಷ್ಟಪಟ್ಟು, “ಸವದತ್ತಿಯಿಂದ... ಯಾವಾಗ...?” ಎಂದ.

ಲೀಲಾಬಾಯಿ ಹರಿದ ಚಪ್ಪಲಿಯನ್ನು ಕೈಗೆತ್ತಿಕೊಂಡಳು. “ಬರೂದು ಇರ್ಲಿ. ನಾ ಹೋದಮ್ಯಾಲೆ ನಿಮಗ ಮತ್ತ ಅಳು ಬಂದ್ರ, ಹಾಳಬಾವಿಗೆ ಹೋಗಬ್ಯಾಡ್ರಿ. ಸವದತ್ತಿ ಏನು ದೂರಿಲ್ಲ, ನೀವ ಬಂದು ನನ್ನ ಮುಂದ ಅಳ್ರಿ” ಎನ್ನುತ್ತಲೇ ಬರಿಗಾಲಲ್ಲಿ, ಗಂಡನಿಗಿಂತ ಮುಂದಾಗಿ, ಊರ ಕಡೆ ನಡೆದಳು.