ದೃಷ್ಟಿಗೆ ಹೆದರಿದ ಜಾಣತನ

ಜಾಣ ಮಗಳನ್ನು ಪಡೆದ ಅಪ್ಪನ ಸಂಕಟ, ದಡ್ಡ ಮಕ್ಕಳನ್ನು ಪಡೆದು ನೆಮ್ಮದಿಯಾಗಿ ನಿದ್ದೆ ಹೊಡೆಯುವವರಿಗೆ ಏನು ಗೊತ್ತು? ಮಾನ್ವಿಯ ಯಂಕೋಬ ಮಾಸ್ತರರ ಖಾಯಂ ದೂರು ಇದು. ಅವರ ಮಗಳು ತುಂಗಾ ಎಂಟು ತುಂಬುವ ಮೊದಲೇ, ಪಂಚಾಂಗ ಮುಟ್ಟದೆ ಮುಂದಿನ ಏಕಾದಶಿ ಯಾವ ವಾರ ಎಂದು ಹೇಳಿಬಿಡುತ್ತಿದ್ದಳು. (ಉಪವಾಸ ಮಾಡಬೇಕಾದವರಿಗೆ ಇದರಿಂದ ಬಹಳ ಸಂತೋಷವಾಗುತ್ತಿತ್ತು ಎನ್ನಲಾರೆ.)

ನಾಲ್ಕನೆಯ ತರಗತಿ ಮುಗಿದರೆ ಊರಲ್ಲಿ ಹುಡುಗಿಯರಿಗೆ ಮುಂದೆ ಓದುವ ಅವಕಾಶವಿಲ್ಲ. ರಾಯಚೂರಿಗೆ ಕಳಿಸಲು ನಿಜಾಮರ ಸರಕಾರದ ವಜೀಫಾ ಸಿಗಬೇಕು. ಆ ವಿದ್ಯಾರ್ಥಿವೇತನ ಯಾರಿಗೆ ಎಂದು ಹೇಳುವವರು ಶಾಲಾ ತಪಾಸಣೆಗೆ ಬರುವ ಅಲ್ಲಾಉದ್ದೀನ್ ಸಾಹೇಬರು. ದೇವದುರ್ಗದ ಮನುಷ್ಯ, ಕನ್ನಡ ಬಲ್ಲವರು. ಮಾಸ್ತರರು ಕಾಡಿ ಬೇಡಿ, ಮನೆಗೇ ಬಂದು ಹುಡುಗಿಯನ್ನು ಪರೀಕ್ಷಿಸಲು ಅವರನ್ನು ಒಪ್ಪಿಸಿದ್ದರು. ಈ ಸಲ ತಪ್ಪಿತೋ, ತುಂಗಾಳ ಪಾಟಿ-ಬಳಪ ಅಟ್ಟಕ್ಕೇರುವುದು ಖಂಡಿತ.

ಆದರೆ ಮನೆಯೊಳಗೆ ಬೇರೆಯೇ ಆಡಳಿತವಿತ್ತು. ಹಿಂದೊಮ್ಮೆ ನೆರೆಮನೆಯ ಜಂಬಮ್ಮ "ಅಬ್ಬಾ, ಎಂಥಾ ಶಾಣ್ಯಾ ಹುಡುಗೀನವ್ವಾ!" ಎಂದು ಹೊಗಳಿದ್ದಳು. ಅಂದು ಸಂಜೆಗೇ ಹುಡುಗಿಗೆ ಸುಡುಸುಡು ಜ್ವರ. ಅಂದಿನಿಂದ ಮಾಸ್ತರರ ಹೆಂಡತಿ ರುಕ್ಮಾಬಾಯಿಗೆ ಮಗಳ ಜಾಣತನವೆಂದರೆ ಎದೆ ಡವಡವ. ಸಾಹೇಬರು ಬರುವ ದಿನ ತುಂಗಾಳ ಕೆನ್ನೆಗೆ ದೊಡ್ಡ ಕಪ್ಪು ಬೊಟ್ಟು ಇಟ್ಟು, ಕಿವಿಯಲ್ಲಿ ಏನೋ ಊದಿಯೇ ಹೊರಗೆ ಬಿಟ್ಟರು.

ಸಾಹೇಬರು ಪಡಸಾಲೆಯಲ್ಲಿ ಕುಳಿತು ಅಕ್ಕರೆಯಿಂದ ಕೇಳಿದರು: "ನಿನ್ನ ಹೆಸರೇನವ್ವಾ?"

ತುಂಗಾ ನೆಲ ನೋಡಿದಳು. "ಗೊತ್ತಿಲ್ಲ."

"ಅಪ್ಪನ ಹೆಸರು?"

"ಗೊತ್ತಿಲ್ಲ."

ಮಾಸ್ತರರ ಪೇಟದೊಳಗಿಂದ ಬೆವರು ಇಳಿಯಿತು. "ಸಾಹೇಬ್ರ, ಕಠಿಣದ್ದು ಕೇಳ್ರಿ! ಇಂಥಾ ಸಣ್ಣ ಪ್ರಶ್ನೆಗೆ ಉತ್ತರ ಕೊಡೂದು ಆಕಿಗೆ ಅವಮಾನ!"

ಸಾಹೇಬರು ಗಡ್ಡ ನೀವಿಕೊಂಡು ಕಠಿಣದ್ದೇ ಹಾಕಿದರು. ನಾಲ್ಕು ಮಂದಿ ಒಂದು ಹೊಲದ ಹತ್ತಿಯನ್ನು ಆರು ದಿನದಲ್ಲಿ ಬಿಡಿಸಿದರೆ, ಎಂಟು ಮಂದಿಗೆ ಎಷ್ಟು ದಿನ ಬೇಕು?

"ಗೊತ್ತಿಲ್ಲ."

ಮಾಸ್ತರರು ಒಳಗೆ ನುಗ್ಗಿದರು. "ಏನ ಹೇಳಿ ಕಳಿಸೀದಿ ಆಕಿಗೆ?"

"ಮಂದಿ ಮುಂದ ಏನ ಕೇಳಿದ್ರೂ ಗೊತ್ತಿಲ್ಲ ಅನ್ನು ಅಂದೀನಿ," ಎಂದರು ರುಕ್ಮಾಬಾಯಿ, ಕಣ್ಣೀರು ಒರೆಸಿಕೊಳ್ಳುತ್ತ. "ಸರಕಾರದ ಕಣ್ಣು ಬಿದ್ರ ಅದನ್ನ ತಗಿಯಾಕ ಎಷ್ಟು ಉಪ್ಪು ಬೇಕ್ರಿ? ನನಗ ಹುಡುಗಿ ಉಳಿದ್ರ ಸಾಕು!"

ಮಾಸ್ತರರು ಸಿಟ್ಟು ನುಂಗಿಕೊಂಡು ಪಡಸಾಲೆಗೆ ಓಡಿದರು. ಅಷ್ಟರಲ್ಲಿ ಸಾಹೇಬರು ಟೋಪಿ ಸರಿಮಾಡಿಕೊಂಡು ಎದ್ದಾಗಿತ್ತು.

"ಕೂಡ್ರಿ ಸಾಹೇಬ್ರ, ಒಂದ ನಿಮಿಷ! ಹುಡುಗಿಗೆ ದಾರಿ ತೋರಿಸಿದ್ರ ಸಾಕು, ಮುಂದ ತಾನೇ ಓಡ್ತಾಳ." ಮಾಸ್ತರರು ಗಡಿಬಿಡಿಯಿಂದ ಪಾಟಿ ಎತ್ತಿಕೊಂಡು ಬರೆಯತೊಡಗಿದರು. "ನಾಲ್ಕು ಮಂದಿಗೆ ಆರು ದಿನ. ಎಂಟು ಮಂದಿ ಅಂದ್ರ ಎರಡರಷ್ಟು. ಅಂದಮ್ಯಾಲ ಹನ್ನೆರಡು ದಿನ!"

ತುಂಗಾ ತುಟಿ ಕಚ್ಚಿಕೊಂಡಳು, ಬಾಗಿಲ ಸಂದಿಯಲ್ಲಿ ನಿಂತ ಅವ್ವನ ಕಡೆ ನೋಡಿದಳು, ಪಾಟಿ ನೋಡಿದಳು. ಅವ್ವನ ಮಾತು ದೊಡ್ಡದೇ. ಆದರೆ ಪಾಟಿಯ ಮೇಲಿನ ಆ ಹನ್ನೆರಡನ್ನು ಕಣ್ಣಾರೆ ಕಂಡು ಸುಮ್ಮನಿರುವುದು ಅವಳ ಜೀವಕ್ಕೆ ಆಗದ ಕೆಲಸ.

"ಅಪ್ಪಾ, ತಪ್ಪಾತು! ಮಂದಿ ಹೆಚ್ಚಾದ್ರ ದಿನ ಕಡಿಮಿ ಆಗ್ತಾವ. ಮೂರು ದಿನ." ಒಂದು ಕ್ಷಣ ಯೋಚಿಸಿ ಸೇರಿಸಿದಳು: "ಆದ್ರ ಎಂಟು ಮಂದಿ ಕೂಡಿದ್ರ ಮಾತು ಭಾಳ ಆಗ್ತಾವ. ನಾಲ್ಕು ದಿನ ಹಿಡೀರಿ."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅವರು ಕೇಳಿದ್ದೇ ಕೇಳಿದ್ದು, ಇವಳು ಹೇಳಿದ್ದೇ ಹೇಳಿದ್ದು. ಕೊನೆಗೆ ಸಾಹೇಬರು ಎದ್ದು ನಿಂತು, "ವಜೀಫಾ ಈಕಿಗೇ, ಮಾಸ್ತರ. ಆದ್ರ ಕೂಸು ಇನ್ನೂ ಸಣ್ಣದು. ರಾಯಚೂರಾಗ ಜೊತಿಗೆ ಯಾರಿರ್ತಾರ?" ಎಂದರು.

ಮಾಸ್ತರರು ಇದನ್ನು ಯೋಚಿಸಿಯೇ ಇರಲಿಲ್ಲ. ಪರಪುರುಷರ ಮುಂದೆ ಎಂದೂ ದನಿ ತೆಗೆಯದ ರುಕ್ಮಾಬಾಯಿ ಬಾಗಿಲ ಹಿಂದಿನಿಂದಲೇ ಹೇಳಿದರು: "ನಾ ಇರ್ತೀನ್ರಿ. ಅಲ್ಲೇ ನಮ್ಮಣ್ಣನ ಮನಿ ಅದ. ಹೋಗೂದು ಖರೇ ಆದ್ರ, ಆಕಿನ್ನ ನಾ ಒಬ್ಬಾಕಿನ್ನ ಕಳಸಂಗಿಲ್ಲ."

ಸಾಹೇಬರು ಸಲಾಮು ಹೇಳಿ ಹೋದರು. ಮಾಸ್ತರರು ಮೆಲ್ಲಗೆ ಅಡಿಗೆಮನೆಗೆ ಬಂದರು. "ಅಲ್ಲಾ... ನೀ ಹೋದ್ರ ನನಗ ಊಟ?"

"ಮಡೀಲೆ ನೀವ ಮಾಡ್ಕೊಳ್ರಿ. ಮಂದಿ ಕೈಯಾಗಿನ ಅನ್ನ ಮುಟ್ಟಂಗಿಲ್ಲ ಅಂತ ಊರ ತುಂಬ ಹೇಳ್ಕೊಂಡು ಅಡ್ಡಾಡವ್ರು ನೀವ ಅಲ್ಲೇನ್ರಿ?"

ಮರುದಿನದಿಂದಲೇ ಮಾಸ್ತರರ ವಿದ್ಯಾಭ್ಯಾಸ ಆರಂಭವಾಯಿತು. ಗುರುಪೀಠದಲ್ಲಿ ತುಂಗಾ. ಮಗಳು ಹೊರಡುವ ಹೊತ್ತಿಗೆ ಅಪ್ಪ ಅನ್ನದ ಪಾಠವನ್ನೇ ದಾಟಿರಲಿಲ್ಲ. ತುಂಗಾ ಗಾಡಿ ಹತ್ತುತ್ತ ಗಂಭೀರವಾಗಿ ಹೇಳಿದಳು: "ಅಪ್ಪಾ, ಸಾರು ಮುಂದಿನ ವರ್ಷ ನೋಡೋಣು."