ಮೊದಲು ಮಿಗಿಸಿ, ಆಮೇಲೆ ಉಣ್ಣಿ

ಸೂಕರಾವತಿ ಎಂಬ ರಾಜ್ಯವಿತ್ತು, ಬಹಳ ಹಿಂದೆ; ಎಷ್ಟು ಹಿಂದೆ ಎಂದರೆ, ಅಲ್ಲಿನ ಮಂತ್ರಿಗಳು ಈಗಿನ ಯಾರಿಗೂ ನೆಂಟರಲ್ಲ. ಅಲ್ಲಿ ಒಂದು ಬೆಳಗ್ಗೆ ನೀಲವ್ವ ಗಡಿಗೆ ತಿಕ್ಕಿ ನೀರು ಚೆಲ್ಲಬೇಕು, ಅಷ್ಟರಲ್ಲಿ ರಾಜಭಟನೊಬ್ಬ ಓಡಿಬಂದ.

"ಚೆಲ್ಲಬ್ಯಾಡ! ಆ ಮುಸುರಿ ಸರಕಾರದ್ದು!"

ನಡೆದದ್ದಿಷ್ಟು. ಮಹಾರಾಜ ಪುಷ್ಟಿವರ್ಮರ ಹಂದಿಗಳು ರಾಜ್ಯದ ಮೆಕ್ಕೆಜೋಳವನ್ನೆಲ್ಲ ತಿಂದು ಮುಗಿಸಿದ್ದವು. ಮೇವಿನ ಮಂತ್ರಿ ನುಣ್ಣಯ್ಯ ಅರಮನೆಯ ಪಂಕ್ತಿಯಲ್ಲಿ ಮಿಕ್ಕ ಹೋಳಿಗೆಯ ರಾಶಿ ಕಂಡು, ಎಲ್ಲರ ಮನೆಯಲ್ಲೂ ಹೀಗೇ ಮಿಗುತ್ತದೆಂದು ಭಾವಿಸಿ, ಪ್ರಜೆಗಳ ಎಂಜಲು-ಮುಸುರೆಯನ್ನು 'ಪರ್ಯಾಯ ವರಾಹಾಹಾರ' ಎಂದು ಘೋಷಿಸಿದ್ದ.

ಭಟ ಗಡಿಗೆಯಲ್ಲಿ ಪರೀಕ್ಷೆಯ ಪಟ್ಟಿ ಅದ್ದಿದ. "ಏನವ್ವಾ ಇದು? ಪ್ರೋಟೀನ್ ಸೊನ್ನೆ!"

"ಗಡಿಗಿ ಬಳದು ಉಂಡೇವಿ ಯಪ್ಪಾ. ಏನ್ ಉಳೀತದ?"

ವರದಿ ಕೇಳಿ ಮಹಾರಾಜರು ನೊಂದುಕೊಂಡರು. "ಒಂದಗುಳೂ ಬಿಡದೆ ತಿನ್ನುತ್ತಾರೆಯೇ? ಎಂಥ ಹೊಟ್ಟೆಬಾಕ ಪ್ರಜೆಗಳು!"

"ಮಹಾಪ್ರಭು, ಅವರಲ್ಲಿ ಮಿಗಿಸುವ ಕೌಶಲ್ಯದ ಕೊರತೆಯಿದೆ," ಎಂದ ನುಣ್ಣಯ್ಯ.

ಕೂಡಲೇ ಅಭಿಯಾನ ಶುರುವಾಯಿತು. ಪ್ರತಿ ಮನೆಯವರೂ ಊಟಕ್ಕೆ ಮುಂಚೆ ಒಂದು ತಟ್ಟೆ ಬಡಿಸಿ, ಸುತ್ತ ಕುಳಿತು, ಅದನ್ನು ಯಾರೂ ಉಣ್ಣದಂತೆ ನೋಡಿಕೊಂಡು, ಮಿಕ್ಕಿತೆಂದು ಭಟನಿಗೆ ಒಪ್ಪಿಸತಕ್ಕದ್ದು.

ನೀಲವ್ವನ ಗಡಿಗೆಯಲ್ಲಿ ಇರುತ್ತಿದ್ದುದೇ ಎರಡು ತಟ್ಟೆ ನುಚ್ಚು. ಒಂದು ಮಿಕ್ಕಿತು. ಇನ್ನೊಂದನ್ನು ಮಗಳು ಸಂಗಿಯ ಮುಂದಿಟ್ಟು, ತನಗೆ ಹಸಿವಿಲ್ಲವೆಂದಳು. ವಾರದೊಳಗೆ ತಜ್ಞರ ಸಮಿತಿಯು ಹಂದಿಗಳಿಗೆ ಪೌಷ್ಟಿಕಾಂಶ ಸಾಲದೆಂದು ಗುರಿಯನ್ನು ಎರಡು ಪಟ್ಟು ಮಾಡಿತು. ಭಟ ಸಂಗಿಯ ತಟ್ಟೆಯನ್ನೂ ಎತ್ತಿಕೊಂಡ.

"ಯವ್ವಾ, ಹಂದಿ ಹೊಟ್ಟಿ ತುಂಬಿದ ಮ್ಯಾಲ..."

"ಶ್! ಸುಮ್ಮಿರು ನನ ಕೂಸ." ನೀಲವ್ವ ಅವಳ ಬಾಯಿಗೆ ಒಂದು ಚೂರು ಬೆಲ್ಲ ಇಟ್ಟಳು. ಮನೆಯಲ್ಲಿದ್ದುದು ಅಷ್ಟೇ.

ಹಂದಿಗಳು ದುಂಡಗಾದವು. ಪ್ರಜೆಗಳು ತೆಳ್ಳಗಾದರು, ಅದನ್ನು ಆರೋಗ್ಯ ಇಲಾಖೆ ತನ್ನ ಸಾಧನೆಯೆಂದು ಬರೆದುಕೊಂಡಿತು. ನುಣ್ಣಯ್ಯನಿಗೆ 'ಉಚ್ಛಿಷ್ಟರತ್ನ' ಕಿರೀಟ ತೊಡಿಸುವ ಸಮಾರಂಭ ಹಂದಿಗೂಡಿನ ಮುಂದೆಯೇ ನಡೆಯಿತು. ಪ್ರಜೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ಹಂದಿಗಳು ಒಂದಿಷ್ಟು ಮೆದ್ದು, ತೇಗಿ, ಅರ್ಧ ತುಂಬಿದ ಮೇವಿನ ದೋಣಿಗಳಿಗೆ ಬೆನ್ನು ತಿರುಗಿಸಿ ಮಲಗಿದವು.

"ಆಹಾ! ಹಂದಿಗಳೂ ಮಿಗಿಸಲು ಕಲಿತವು!" ಎಂದರು ಮಹಾರಾಜರು. ಭಟರು ಸನ್ನೆ ಮಾಡಿದ್ದರಿಂದ ಚಪ್ಪಾಳೆಯೂ ಬಿತ್ತು.

ಸಂಗಿ ಅವ್ವನ ಮುಖ ನೋಡಿದಳು. ಈ ಸಲ ನೀಲವ್ವ ಅವಳ ಬಾಯಿ ಮುಚ್ಚಲಿಲ್ಲ.

"ರಾಜಪ್ಪಾ, ಹಂದಿ ಉಂಡು ಬಿಟ್ಟದ್ದನ್ನ ನಾವು ಉಣ್ಣಬೌದೇನು?"